ಮುಚ್ಚಿಟ್ಟ ತಟ್ಟೆ

ಆ ಮನೆಯಲ್ಲಿ ಒಂದು ತಟ್ಟೆಯನ್ನು ಮೂವತ್ತು ಚಿಲ್ಲರೆ ವರ್ಷಗಳಿಂದ ತೊಳೆದಿರಲಿಲ್ಲ.

ಹಾಗೆಂದು ಅದು ಕೊಳಕು ಮನೆಯೇನಲ್ಲ. ಸೊಸೆ ಪಾತ್ರೆ ತಿಕ್ಕುವುದರಲ್ಲಿ ಎತ್ತಿದ ಕೈ. ಅವಳು ತಿಕ್ಕಿದ ಬಾಣಲೆಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ಗಂಡ ಚುಡಾಯಿಸುತ್ತಿದ್ದ. ಆದರೆ ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಉಪ್ಪಿನ ಜಾಡಿಯ ಪಕ್ಕ, ನೀಲಿ ಅಂಚಿನ ಒಂದು ಪಿಂಗಾಣಿ ತಟ್ಟೆ ಕೂತಿತ್ತು. ಅದರ ಮೇಲೆ ಅಂಥದ್ದೇ ಇನ್ನೊಂದನ್ನು ಬೋರಲು ಹಾಕಿ ಮುಚ್ಚಿತ್ತು. ಅದರ ಧೂಳನ್ನು ಅತ್ತೆಯೇ ಒರೆಸಬೇಕು, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಮೇಲಿನ ತಟ್ಟೆ ತೆಗೆದು ಒಳಗೆ ನೋಡುವ ಮಾತನ್ನಂತೂ ಅತ್ತೆಯೂ ಎತ್ತಿದ್ದಿಲ್ಲ.

ಅದು ಮಾವನವರು ಬಿಟ್ಟು ಹೋದ ಊಟ. ಅವರು ಅಗ್ನಿಶಾಮಕ ಠಾಣೆಯಲ್ಲಿ ಬೆಂಕಿ ಆರಿಸುವ ಕೆಲಸದಲ್ಲಿದ್ದರು. ಊಟಕ್ಕೆ ಕೂತಿದ್ದಾಗ ಗಂಟೆ ಹೊಡೆಯಿತು, ಎದ್ದು ಹೋದರು, ಎಣ್ಣೆ ಗಿರಣಿಯ ಬೆಂಕಿಯೊಳಗೆ ನುಗ್ಗಿದರು, ಗೋಡೆ ಕುಸಿಯಿತು. ವಾರಗಟ್ಟಲೆ ಅಗೆದರೂ ಅಂಗಿಯ ಒಂದು ಗುಂಡಿಯೂ ಸಿಗಲಿಲ್ಲ. ಊರೆಲ್ಲ ತೀರಿಕೊಂಡರು ಎಂದಿತು. ಅತ್ತೆ ಮಾತ್ರ ಇವತ್ತಿನವರೆಗೂ “ಅವರು ಇನ್ನೂ ಬಂದಿಲ್ಲ” ಎನ್ನುತ್ತಾರೆ, ಅಂಗಡಿಗೆ ಹೋದವರ ಬಗ್ಗೆ ಹೇಳುವ ದನಿಯಲ್ಲಿ.

ಸೊಸೆ ಈ ಮನೆಗೆ ಬಂದ ಹೊಸದರಲ್ಲಿ ಇದ್ಯಾವುದೂ ಅವಳಿಗೆ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಗಂಡ ಎರಡು ತುತ್ತು ತಿಂದಿದ್ದನೋ ಇಲ್ಲವೋ, ಸೈರನ್ ಕೂಗಿತು. ಕೈ ಕೂಡ ತೊಳೆಯದೆ ಓಡಿದ. ಅವನು ಫೈರ್ ಎಂಜಿನ್ನಿನ ಡ್ರೈವರ್. ಅವನು ತಡಮಾಡಿದರೆ ಬಂಡಿಯೇ ಹೊರಡುವುದಿಲ್ಲ. ಹೊಸ ಹೆಂಡತಿ, ಪಾಪ, ಚೊಕ್ಕ ಅಭ್ಯಾಸದವಳು, ತಟ್ಟೆ ಎತ್ತಿಕೊಂಡು ನಲ್ಲಿಯತ್ತ ಹೊರಟಳು. ಅತ್ತೆ ಎಲ್ಲಿದ್ದರೋ ಏನೋ, ಬಂದು ಮಣಿಕಟ್ಟು ಹಿಡಿದರು.

“ಇಡು ಕೆಳಗೆ.”

“ಎಂಜಲು ತಟ್ಟೆ ಅತ್ತೆ...”

“ಎಂಜಲಲ್ಲ, ಅರ್ಧ ಊಟ. ಬಂದು ಮುಗಿಸ್ತಾನೆ. ಮುಚ್ಚಿಡು.”

“ನೊಣ ಕೂರುತ್ತೆ ಅಂತಾನಾ?”

“ಅವನು ಬರಲಿ ಅಂತ.”

ಅದರ ಹಿಂದಿನ ಕಥೆ ಗೊತ್ತಾದದ್ದು ಗಂಟೆ ತಾತನಿಂದ. ಠಾಣೆಯ ಹಿಂಭಾಗದ ಕ್ವಾರ್ಟರ್ಸಿನ ಕೊನೆಯ ಕೋಣೆಯಲ್ಲಿ ಈಗಲೂ ಇರುವ ಆ ಮುದುಕ, ಸೈರನ್ ಬರುವ ತನಕ ಗೋಪುರದ ಗಂಟೆ ಬಾರಿಸಿದವನು. ಕಿವಿ ಮಂದ, ನೆನಪು ಮಾತ್ರ ಚುರುಕು. ಅವನ ಪ್ರಕಾರ ಈ ಊರಿಗೆ ಮೊದಲು ಠಾಣೆಯೆಂಬುದೇ ಇರಲಿಲ್ಲ. ಒಂದು ಕೊಟ್ಟಿಗೆ, ಅದರೊಳಗೆ ಕೈಯಲ್ಲಿ ಒತ್ತುವ ಪಂಪಿನ ಗಾಡಿ, ಗೋಡೆಗೆ ತೂಗುಹಾಕಿದ ಕೆಂಪು ಬಕೆಟ್ಟುಗಳು, ಅಷ್ಟೇ. ಗಂಟೆ ಕೇಳಿದರೆ ಕಮ್ಮಾರ ಕುಲುಮೆ ಬಿಟ್ಟು, ಹಮಾಲಿ ಮೂಟೆ ಇಳಿಸಿ, ಕ್ಷೌರಿಕ ಅರ್ಧ ಗಡ್ಡ ಬಿಟ್ಟು ಓಡಿ ಬರಬೇಕು. ಆಮೇಲೆ ಗಾಡಿ ಎಳೆಯಲು ಕುದುರೆಗಳು ಬಂದವು. ಈಗಿನ ಕ್ವಾರ್ಟರ್ಸ್ ಆಗ ಕುದುರೆ ಲಾಯ. ಸೊಸೆಯ ಅಡುಗೆಮನೆಯ ಗೋಡೆಯಲ್ಲಿ ಕುದುರೆ ಕಟ್ಟುತ್ತಿದ್ದ ಕಬ್ಬಿಣದ ಬಳೆ ಇನ್ನೂ ಇತ್ತು. ಅತ್ತೆ ಅದಕ್ಕೆ ಸೌಟು ಸಿಕ್ಕಿಸುತ್ತಿದ್ದರು.

“ಯಾರು ಬಂದ್ರು, ಯಾರು ಹೋದ್ರು ಅಂತ ಬರ್ಕೊಳ್ಳೋಕೆ ಆಗ ಯಾರಿಗಮ್ಮ ಅಕ್ಷರ ಬರ್ತಿತ್ತು?” ಎಂದಿದ್ದ ತಾತ. “ಬೆಂಕಿ ಆರಿದ್ಮೇಲೆ ಮುಖಂಡ ಓಣಿಗಿಳಿದು ಮನೆಮನೆ ಬಾಗಿಲಲ್ಲಿ ಕೇಳೋನು, ‘ತಟ್ಟೆ ತೆಗೆದಾಯ್ತಾ?’ ತೆಗೆದಾಯ್ತು ಅಂದ್ರೆ ಗಂಡಸು ಮನೆ ಸೇರಿದ ಅಂತ ಲೆಕ್ಕ. ಇನ್ನೂ ಮುಚ್ಚಿದೆ ಅಂದ್ರೆ ಲಾಂದ್ರ ತಗೊಂಡು ಬೂದಿ ಕೆದಕೋಕೆ ವಾಪಸ್ ಹೋಗೋರು. ತೊಳೆದ್ರೆ ಹುಡುಕೋದು ನಿಂತ್ಹೋಗೋದು.”

“ತಪ್ಪಿ ತೊಳೆದ್ರೆ?”

“ಕಮ್ಮಾರನ ಹೆಂಡ್ತಿ ಒಬ್ಬಳು ತೊಳೆದಿದ್ಲಂತೆ. ಯಾವುದೋ ಕೋಪ. ಹುಡುಕೋಕೆ ಹೊರಟೋರು ಅರ್ಧ ದಾರೀಲಿ ವಾಪಸ್ ಬಂದ್ರು. ಅವನು ಕುಸಿದ ಛಾವಣಿ ಕೆಳಗೆ ಜೀವಂತ ಇದ್ನಂತಮ್ಮ. ಆಮೇಲೆ ಆ ಮನೇಲಿ ಪಾತ್ರೆ ತೊಳೆದ ನೀರು ಹರಿದಾಗೆಲ್ಲ ಕೆಳಗಿಂದ ತಟ್ಟೋ ಸದ್ದು ಕೇಳ್ತಿತ್ತು ಅಂತಾರೆ. ನಾನು ಕೇಳಿಲ್ಲ. ನನಗೆ ಕಿವಿ ಮಂದ.”

ಸೊಸೆ ಇದನ್ನೆಲ್ಲ ನಂಬಿದಳೆಂದಲ್ಲ. ಆದರೆ ಗಂಡನ ತಟ್ಟೆಯನ್ನು ಇಷ್ಟು ವರ್ಷ ಒಂದು ಸಲವೂ ತಪ್ಪದೆ ಮುಚ್ಚಿಟ್ಟಳು. ನಂಬದೆಯೂ ಮಾಡುವ ಕೆಲಸಗಳು ಸಂಸಾರದಲ್ಲಿ ಬೇಕಾದಷ್ಟಿರುತ್ತವೆ.

ಜಗಳ ಶುರುವಾದದ್ದು ಠಾಣೆ ಸ್ಥಳಾಂತರದ ಸುದ್ದಿಯಿಂದ. ಹೆದ್ದಾರಿಯ ಪಕ್ಕ ಹೊಸ ಕಟ್ಟಡ ಎದ್ದಿತ್ತು, ಹಳೆಯದನ್ನು ಕೆಡವುತ್ತಾರೆ, ಕ್ವಾರ್ಟರ್ಸಿನವರು ತಿಂಗಳೊಳಗೆ ಗಂಟುಮೂಟೆ ಕಟ್ಟಬೇಕು. ಹೊಸದಾಗಿ ಬಂದ ಸಾಹೇಬರಿಗೆ ಹಳೆಯದರ ಮೇಲೆ ಬಹಳ ಪ್ರೀತಿ. ಹೊಸ ಠಾಣೆಯ ಹಜಾರದಲ್ಲಿ ಹಿತ್ತಾಳೆ ಗಂಟೆ, ಕುದುರೆ ಲಾಳ, ಕ್ಯಾನ್ವಾಸ್ ಬಕೆಟ್ಟು ಎಲ್ಲ ಜೋಡಿಸಿ ಠಾಣೆಯ ಚರಿತ್ರೆ ತೋರಿಸಬೇಕೆಂದು ಹೊರಟಿದ್ದರು. ತಟ್ಟೆಯ ವಿಷಯ ಅವರ ಕಿವಿಗೂ ಬಿತ್ತು.

“ಸಾಹೇಬರು ಕೇಳಿದ್ರು, ಹೂಂ ಅಂದೆ,” ಎಂದ ಡ್ರೈವರ್, ಊಟದ ಮೇಜಿನಲ್ಲಿ, ಆಲೂಗೆಡ್ಡೆಯ ಮೇಲೆ ಕಣ್ಣಿಟ್ಟು.

“ಏನು ಕೇಳಿದ್ರು?” ಎಂದರು ಅತ್ತೆ.

“ಅಪ್ಪನ ತಟ್ಟೆ. ಗಾಜಿನ ಪೆಟ್ಟಿಗೇಲಿ ಇಡ್ತಾರಂತೆ. ಲೈಟ್ ಹಾಕ್ತಾರಂತೆ. ಗೌರವ ಅಲ್ವೇನಮ್ಮಾ?”

“ನಿಮ್ಮಪ್ಪನ್ನ ಕೇಳಿದ್ಯಾ?”

“ಅಮ್ಮಾ...”

“ತಿನ್ನೋನನ್ನ ಕೇಳ್ದೆ ತಟ್ಟೆ ಎತ್ತಿ ಕೊಡೋಕೆ ನೀನ್ಯಾರು?”

ಅವನ ಪಕ್ಕ ಕೂತಿದ್ದ ಮಗಳು ಕಿಸಕ್ಕನೆ ನಕ್ಕಳು. “ಅಜ್ಜಿ, ಅಜ್ಜ ಬಂದ್ರೆ ಟಿಕೆಟ್ ತಗೊಂಡು ಒಳಗೆ ಹೋಗಿ ಊಟ ಮಾಡ್ಬೇಕಾ?”

ಅತ್ತೆಗೂ ನಗು ಬಂತು. ಸೊಸೆಗೆ ಬರಲಿಲ್ಲ. ಅವಳಿಗೆ ಆ ತಟ್ಟೆ ಮನೆಯಿಂದ ಹೋದರೆ ಸಾಕಾಗಿತ್ತು. ಅತ್ತೆ ಒಂದು ಮದುವೆಗೆಂದು ಹೊರಗೆ ಉಳಿದವರಲ್ಲ, ಒಂದು ರಾತ್ರಿ ಬೇರೆಡೆ ಮಲಗಿದವರಲ್ಲ. ಒಬ್ಬ ಹೆಂಗಸಿನ ಇಡೀ ಆಯುಷ್ಯವನ್ನು ಒಂದು ತಟ್ಟೆ ಹಲಗೆಯ ಮೇಲೆ ಕೂತು ತಿಂದುಹಾಕಿತ್ತು. ಈಗ ಅದರ ಕಣ್ಣು ತನ್ನ ಮಗಳ ಮೇಲೆ ಬಿದ್ದಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಏಕೆಂದರೆ ಮಗಳೂ ಠಾಣೆ ಸೇರಿದ್ದಳು. ಅಂಗಡಿ ಲೆಕ್ಕ ಬರೆಯುವ ಕೆಲಸ ಕೈಯಲ್ಲಿತ್ತು, ಅದನ್ನು ಬಿಟ್ಟು, ಅಮ್ಮನಿಗೆ ಹೇಳದೆ ಪರೀಕ್ಷೆ ಬರೆದು, ಏಣಿ ಹತ್ತಿ ತೋರಿಸಿ ಆಯ್ಕೆಯಾಗಿ ಬಂದಿದ್ದಳು. ಸಪೂರ ಇದ್ದಾಳೆಂದು ಠಾಣೆಯವರು ಅವಳಿಗೆ ಕಡ್ಡಿ ಎಂದು ಹೆಸರಿಟ್ಟರು. ಬೆಂಕಿ ಆರಿಸುವ ಜಾಗದಲ್ಲಿ ಕಡ್ಡಿ ಅನ್ನಿಸಿಕೊಂಡು ತಿರುಗುವವಳು ಇವಳೊಬ್ಬಳೇ ಎಂದು ಅಪ್ಪ ಹಿಗ್ಗಿದ. ಅಮ್ಮ ಮನೆಯಲ್ಲೇ ಹೊಲಿಗೆ ಮಾಡುವವಳು. ಗಂಡಸರ ಅಳತೆಗೆ ಹೊಲಿದ ಸಮವಸ್ತ್ರ ಮಗಳ ಮೈಮೇಲೆ ಜೋತಾಡುತ್ತಿತ್ತು. ಅದನ್ನು ಬಿಚ್ಚಿ, ಹಿಡಿಸಿ ಹೊಲಿದು ಕೊಟ್ಟವಳು ಅವಳೇ. ಹೊಲಿಯುವಾಗ ಸೂಜಿ ಎರಡು ಸಲ ಮುರಿಯಿತು. ಬೈದುಕೊಂಡು ಹೊಸ ಸೂಜಿ ಹಾಕಿ ಮುಗಿಸಿದಳು.

ಸಾಮಾನು ಕಟ್ಟಲು ಶುರುಮಾಡಿದ ವಾರ, ಅತ್ತೆ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದರು, ಗಂಡ ಎಲ್ಲೋ ಹುಲ್ಲಿನ ಮೆದೆಗೆ ಬಿದ್ದ ಬೆಂಕಿಗೆ ಹೋಗಿದ್ದ. ಸೊಸೆ ಮೇಲಿನ ಹಲಗೆ ಖಾಲಿ ಮಾಡಲು ಸ್ಟೂಲ್ ಹತ್ತಿದಳು. ಉಪ್ಪಿನ ಜಾಡಿ ಇಳಿಸುವಾಗ ಬೆರಳಿನ ಹಿಂಬದಿ ಆ ತಟ್ಟೆಗೆ ತಗುಲಿತು.

ತಟ್ಟೆ ಬೆಚ್ಚಗಿತ್ತು.

ಅವಳು ಕೈ ಹಿಂತೆಗೆದಳು. ಬಿಸಿಲೇನಾದರೂ ಬೀಳುತ್ತಿದೆಯೇ ಎಂದು ನೋಡಿದಳು. ಆ ಮೂಲೆಗೆ ಬಿಸಿಲು ಬಿದ್ದದ್ದೇ ಇಲ್ಲ. ಒಲೆ ಆರಿ ಎಷ್ಟೋ ಹೊತ್ತಾಗಿತ್ತು. ಪಕ್ಕದ ಜಾಡಿ ಮುಟ್ಟಿದಳು, ತಣ್ಣಗಿತ್ತು. ಮತ್ತೆ ತಟ್ಟೆ ಮುಟ್ಟಿದಳು. ಈಗಷ್ಟೇ ಬಡಿಸಿ ಮುಚ್ಚಿಟ್ಟ ಊಟದ ಬಿಸಿ.

ಬಂಡಿ ವಾಪಸ್ ಬಂದ ಸದ್ದು ಕೇಳಿದ ಮೇಲೆ ಮತ್ತೊಮ್ಮೆ ಹತ್ತಿ ಮುಟ್ಟಿದಳು. ಈಗ ಅದು ಜಾಡಿಯ ಹಾಗೇ ತಣ್ಣಗಿತ್ತು.

ಆಮೇಲಿನ ದಿನಗಳಲ್ಲಿ ಅವಳಿಗೆ ಅದೇ ಒಂದು ಚಟವಾಯಿತು. ಸೈರನ್ ಕೂಗಿದರೆ ಗಂಡನ ತಟ್ಟೆ ಮುಚ್ಚುವುದು, ಅತ್ತೆ ಆಚೆ ಹೋದರೆ ಸ್ಟೂಲ್ ಹತ್ತುವುದು. ಕಸದ ರಾಶಿಗೆ ಬೆಂಕಿ ಬಿದ್ದ ದಿನ ತಟ್ಟೆ ಸ್ವಲ್ಪವೇ ಬೆಚ್ಚಗಾಯಿತು. ಗ್ಯಾಸ್ ಅಂಗಡಿಯ ಬೆಂಕಿಯ ದಿನ ಬೆರಳು ಇಡಲು ಆಗಲಿಲ್ಲ, ಆ ದಿನ ಗಂಡ ಹುಬ್ಬು ಸುಟ್ಟುಕೊಂಡು ಬಂದ. ಬಂಡಿ ಠಾಣೆಗೆ ಮರಳುವ ಹೊತ್ತಿಗೆ ತಟ್ಟೆ ಆರುತ್ತಿತ್ತು. ಯಾರೂ ಹೊರಗೆ ಹೋಗದ ದಿನ ಅದು ಬರೀ ಒಂದು ಹಳೇ ತಟ್ಟೆ.

ಒಂದು ದಿನ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದದ್ದು ಅವಳಿಗೆ ತಿಳಿಯಲಿಲ್ಲ.

“ಎಷ್ಟು ಬಿಸಿ ಇದೆ?” ಎಂದರು.

ಸೊಸೆ ಸ್ಟೂಲಿನಿಂದ ಬೀಳುವುದೊಂದು ಬಾಕಿ. “ನಿಮಗೆ ಗೊತ್ತಾ ಅತ್ತೆ?”

“ಗೊತ್ತಿಲ್ದೆ ಏನು? ನಾನೇನು ಹುಚ್ಚೀನಾ, ಇಷ್ಟು ವರ್ಷ ಕಾಯೋಕೆ? ಇಲ್ಲಿಂದ ಹೊರಟ ಯಾವ ಬಂಡೀನೂ ಒಂದೇ ಹೋಗಲ್ಲ. ಅವರೂ ಹೋಗ್ತಾರೆ. ಎಲ್ರನ್ನೂ ವಾಪಸ್ ಕಳಿಸ್ತಾರೆ. ತಾವು ಬರಲ್ಲ.”

“ಇವರಿಗೆ ಹೇಳಿದೀರಾ?”

“ನನ್ನ ಮಗ ನಗ್ತಾನೆ. ಇಲ್ಲಾ ಹೆದರ್ತಾನೆ. ಹೆದರಿದೋನು ಬಂಡಿ ಓಡಿಸ್ಬಾರ್ದು.” ಅತ್ತೆ ಸೆರಗಿನಿಂದ ಹಲಗೆಯ ಅಂಚು ಒರೆಸಿದರು. “ಈಗ ಹೇಳು, ಗಾಜಿನ ಪೆಟ್ಟಿಗೇಲಿ ಹೇಗೆ ಇಡೋದು?”

ಅವತ್ತಿನಿಂದ ಸೊಸೆಗೆ ಭಯದ ಜೊತೆಗೆ ರೋಷವೂ ಬೆಳೆಯಿತು. ಸತ್ತವರು ಸುಮ್ಮನಿರಬೇಕು. ಅವರೂ ಡ್ಯೂಟಿಗೆ ಹೋಗುವ ಮನೆಯಿಂದ ಇನ್ನೆಷ್ಟು ಜನ ಹೋಗಬೇಕು?

ಮನೆ ಬಿಡಲು ಒಂದು ವಾರ ಉಳಿದಿತ್ತು. ಅಂದು ಮಧ್ಯಾಹ್ನ ಅಪ್ಪ ಮಗಳು ಇಬ್ಬರೂ ಊಟಕ್ಕೆ ಮನೆಗೆ ಬಂದಿದ್ದರು. ಅತ್ತೆ ಗಂಟೆ ತಾತನಿಗೆ ಬುತ್ತಿ ಕೊಟ್ಟು ಬರಲು ಹೋಗಿದ್ದರು. ಅನ್ನ, ಬೇಳೆ, ತಲೆಗೊಂದು ಮೊಟ್ಟೆ. ಮಗಳು ಮೊಟ್ಟೆಯ ಸಿಪ್ಪೆ ಸುಲಿಯುತ್ತ, ಹವಾಮಾನ ಹೇಳುವಷ್ಟೇ ಸಲೀಸಾಗಿ, “ನನ್ನನ್ನ ಒಳಗೆ ಹೋಗೋ ತಂಡಕ್ಕೆ ಹಾಕಿದ್ರು,” ಎಂದಳು.

ಸೊಸೆಯ ಕೈಯಲ್ಲಿದ್ದ ಸೌಟು ನಿಂತಿತು. “ಒಳಗೆ ಅಂದ್ರೆ?”

“ಪೈಪ್ ಹಿಡ್ಕೊಂಡು ಒಳಗೆ. ಅಪ್ಪ ಹೊರಗೆ ಪಂಪ್ ನೋಡ್ಕೋತಾನೆ. ನಾನೇ ಕೇಳಿ ಹಾಕಿಸ್ಕೊಂಡೆ.”

“ನೀವು ಸುಮ್ನಿದ್ರಾ?” ಎಂದು ಗಂಡನ ಕಡೆ ತಿರುಗಿದಳು.

“ಚುರುಕಾಗಿದಾಳೆ ಕಣೇ. ಸಾಹೇಬರೇ...”

“ಸಾಹೇಬರಿಗೆ ಹೆಣ್ಣುಮಕ್ಕಳಿಲ್ಲ! ನಿಮ್ಮಪ್ಪನೂ ಒಳಗೆ ಹೋದವರೇ. ಹೋದವರು ಎಲ್ಲಿದಾರೆ? ಹಲಗೆ ಮೇಲಿದಾರೆ!”

“ಅಮ್ಮಾ, ಯಾರಾದ್ರೂ ಹೋಗ್ಲೇಬೇಕಲ್ಲ.”

“ಆ ಯಾರಾದ್ರೂ ನನ್ನ ಮನೇಲೇ ಹುಟ್ಟಬೇಕಾ? ಈ ಊರಲ್ಲಿ ಬೇರೆ ಯಾರೂ ಹೆತ್ತಿಲ್ವಾ?”

ಆಗ ಸೈರನ್ ಕೂಗಿತು. ಅಪ್ಪ ಆಗಲೇ ಬಾಗಿಲಲ್ಲಿದ್ದ. ಮಗಳು ಒಂದು ತುತ್ತು ಬಾಯಿಗೆ ತುರುಕಿ, ಅಪ್ಪನ ತಟ್ಟೆ ಮುಚ್ಚಿ, ತನ್ನದರ ಮೇಲೂ ಇನ್ನೊಂದು ತಟ್ಟೆ ಬೋರಲು ಹಾಕಿದಳು.

“ಮುಚ್ಚಿದೀನಿ ನೋಡು. ಜಗಳಾನೂ ಅರ್ಧಕ್ಕೆ ಮುಚ್ಚಿಡಮ್ಮ, ಬಂದು ಇಬ್ರೂ ಸೇರಿ ಮುಗಿಸೋಣ,” ಎಂದು ಓಡಿದಳು.

ಅಡುಗೆಮನೆಯ ಕಿಟಕಿಯಿಂದ ಛಾವಣಿಗಳಾಚೆ ಹೊಗೆ ಕಾಣುತ್ತಿತ್ತು. ಕಪ್ಪು ಹೊಗೆಯ ನಡುವೆ ಹಸಿರು, ಹಳದಿ. ಬಣ್ಣದ ಗೋದಾಮು ಎಂದು ಓಣಿಯಲ್ಲಿ ಯಾರೋ ಕೂಗಿದರು. ಸೊಸೆ ಮೇಜಿನ ಮೇಲಿನ ಎರಡು ಮುಚ್ಚಿದ ತಟ್ಟೆಗಳನ್ನು ನೋಡಿದಳು. ಆಮೇಲೆ ಹಲಗೆಯ ಮೇಲಿನ ಮೂರನೆಯದನ್ನು ನೋಡಿದಳು. ಮೂರೂ ಒಂದೇ ತರಹ ಕೂತಿದ್ದವು.

ಇಲ್ಲ, ಎಂದುಕೊಂಡಳು. ನನ್ನ ಮಗಳ ತಟ್ಟೆ ಇವರ ಸಾಲಿಗೆ ಸೇರುವುದು ಬೇಡ. ಅವಳು ಎಲ್ಲರ ಮನೆಯ ಹುಡುಗಿಯರ ಹಾಗೆ ಅರ್ಧ ಊಟ ಬಿಟ್ಟು ಕೆಲಸಕ್ಕೆ ಓಡಿದ ಹುಡುಗಿ. ಅಂಥವರ ತಟ್ಟೆಯನ್ನು ತಾಯಂದಿರು ಗೊಣಗುತ್ತ ತೊಳೆಯುತ್ತಾರೆ, ಸಂಜೆಗೆ ಅವರು ಬರುತ್ತಾರೆ. ಅಷ್ಟೇ. ಇವತ್ತಿಗೆ ಇದು ಮುರಿಯಲಿ.

ಮಗಳ ತಟ್ಟೆ ಎತ್ತಿಕೊಂಡು ಹೋಗಿ ಅನ್ನ ಕಸದ ಡಬ್ಬಿಗೆ ಸುರಿದಳು. ನಲ್ಲಿ ಬಿಟ್ಟು ತಿಕ್ಕಿ ತಿಕ್ಕಿ ತೊಳೆದು ಸ್ಟ್ಯಾಂಡಿಗೆ ಸಿಕ್ಕಿಸಿದಳು. ತೊಟ್ಟಿಯಲ್ಲಿ ನಿಂತ ನೀರು ಗುಳುಗುಳು ಇಳಿಯಿತು. ಇಳಿದು ಮುಗಿದ ಮೇಲೆ ಕೆಳಗಿನಿಂದ, ಕೊಳವೆಯ ಆಳದಿಂದ, ಒಂದು ಸದ್ದು ಬಂತು.

ಟಕ್. ಟಕ್. ಟಕ್.

ಅವಳು ನಲ್ಲಿ ನೋಡಿದಳು, ಅದು ನಿಂತಿತ್ತು. ತೊಟ್ಟಿಗೆ ಕಿವಿಯಿಟ್ಟಳು. ಯಾರೋ ಬಾಗಿಲು ತಟ್ಟುವ ಹಾಗೆ, ಅವಸರವಿಲ್ಲದೆ, ಒಳಗಿದ್ದೇವೆಂದು ತಿಳಿಸಲು ತಟ್ಟುವ ಹಾಗೆ.

ಅತ್ತೆ ಖಾಲಿ ಬುತ್ತಿ ಹಿಡಿದು ಒಳಗೆ ಬಂದಾಗ ಅವಳು ನೆಲದ ಮೇಲೆ ಕೂತಿದ್ದಳು. ಅತ್ತೆ ಮೇಜು ನೋಡಿದರು, ಸ್ಟ್ಯಾಂಡಿನಲ್ಲಿ ನೀರು ತೊಟ್ಟಿಕ್ಕುತ್ತಿದ್ದ ತಟ್ಟೆ ನೋಡಿದರು. ಬುತ್ತಿ ಕೆಳಗಿಟ್ಟರು.

“ನಮ್ಮ ಹುಡುಗೀದಾ?”

ಸೊಸೆ ಹೌದೆಂದು ತಲೆಯಾಡಿಸಿದಳು. ಅತ್ತೆ ಬೈಯುತ್ತಾರೆ, ಹೊಡೆದರೂ ಹೊಡೆಯುತ್ತಾರೆ ಎಂದುಕೊಂಡಿದ್ದಳು. ಹೊಡೆದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

“ಸದ್ದು ಬರ್ತಿದೆ ಅತ್ತೆ. ಕೆಳಗೆ. ತಟ್ಟೋ ಸದ್ದು. ನಾನು ಮತ್ತೆ ಬಡಿಸ್ತೀನಿ, ಮತ್ತೆ ಮುಚ್ತೀನಿ...”

“ತೊಳೆದ ತಟ್ಟೆಗೆ ಬಡಿಸಿದ್ರೆ ಅದು ಹೊಸ ಊಟ ಆಗುತ್ತೆ. ಅವಳು ಬಿಟ್ಟು ಹೋದದ್ದಲ್ಲ.” ಅತ್ತೆಯ ದನಿ ಏರಲಿಲ್ಲ. “ಈ ಮನೇಲಿ ಕಾಯೋ ತಟ್ಟೆ ಇನ್ನು ಎರಡೇ. ಒಂದು ಅವಳಪ್ಪಂದು. ಅದನ್ನ ಮುಟ್ಟೋ ಹಾಗಿಲ್ಲ.”

ಅವರೇ ಸ್ಟೂಲ್ ಎಳೆದುಕೊಂಡು ಹತ್ತಿದರು. ಬರಿಗೈಯಲ್ಲಿ ಮುಟ್ಟಿ ಹಿಸ್ಸೆಂದು ಕೈ ತೆಗೆದು, ಸೆರಗು ಸುತ್ತಿಕೊಂಡು ತಟ್ಟೆ ಇಳಿಸಿದರು. ಮೇಜಿನ ಮೇಲಿಟ್ಟು, ಒಂದು ಉಸಿರು ನಿಂತು, ಮೇಲಿನ ತಟ್ಟೆ ತೆಗೆದರು.

ಆವಿ ಎದ್ದಿತು. ಒಳಗೆ ಅನ್ನ ಬೇಳೆ ಕಲಸಿತ್ತು, ಕಲಸಿದ ಬೆರಳುಗಳ ಗೆರೆ ಹಾಗೇ ಇತ್ತು. ಒಂದು ಬದಿಗೆ ಕಚ್ಚಿ ಬಿಟ್ಟ ಅರ್ಧ ಮೊಟ್ಟೆ. ಯಾರೋ ಈಗಷ್ಟೇ ಎದ್ದು ಹೋಗಿದ್ದಾರೆ, ಅಂಗಳ ದಾಟಿರಲಿಕ್ಕಿಲ್ಲ ಅನ್ನುವ ಹಾಗಿತ್ತು. ಸೊಸೆ ಬಾಗಿಲಿನತ್ತ ನೋಡಿದಳು. ಅತ್ತೆ ನೋಡಲಿಲ್ಲ. ಅವರು ಕುರ್ಚಿ ಎಳೆದುಕೊಂಡು, ಗಂಡ ಕೂರುತ್ತಿದ್ದ ಕಡೆಯೇ ಕೂತರು.

“ಅತ್ತೆ, ಬೇಡ,” ಎಂದಳು ಸೊಸೆ. ತನ್ನಿಂದಾಗಿ ಅತ್ತೆ ಏನು ಕಳೆದುಕೊಳ್ಳುತ್ತಿದ್ದಾರೆಂದು ಅವಳಿಗೆ ಆಗ ತಿಳಿಯಿತು. “ಅವರು ಇನ್ನೂ ಬರಬಹುದು.”

“ಬರಬಹುದಿತ್ತು,” ಎಂದರು ಅತ್ತೆ. ತಟ್ಟೆಯ ಕಡೆ ಬಾಗಿ, ಮನೆಯಲ್ಲಿ ಇಬ್ಬರೇ ಇದ್ದಾಗ ಗಂಡನ ಜೊತೆ ಮಾತಾಡುವ ಮೆಲು ದನಿಯಲ್ಲಿ ಹೇಳಿದರು, “ಇಷ್ಟು ದಿನ ಕಾದೆ. ಇನ್ನು ನೀವು ಬರಬೇಡಿ. ಅವಳನ್ನ ಕಳಿಸಿ.”

ಆಮೇಲೆ ಉಣ್ಣತೊಡಗಿದರು. ಮೊದಲ ತುತ್ತಿಗೆ ಮುಖ ಕಿವುಚಿದರು.

“ಉಪ್ಪು ಕಮ್ಮಿ,” ಎಂದರು. “ಅವತ್ತು ತುತ್ತು ಬಾಯಿಗಿಟ್ಟು ಏನೋ ಹೇಳೋಕೆ ಹೊರಟಿದ್ರು. ಗಂಟೆ ಹೊಡೀತು. ಏನಿರಬಹುದು ಅಂತ ಇಷ್ಟು ವರ್ಷ ತಲೆ ಕೆಡಿಸ್ಕೊಂಡೆ. ಇಷ್ಟೇನಾ!” ನಗುತ್ತಿದ್ದರೋ ಅಳುತ್ತಿದ್ದರೋ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಒಂದಗುಳು ಬಿಡದೆ ತಿಂದರು, ಅರ್ಧ ಮೊಟ್ಟೆಯನ್ನೂ ತಿಂದರು. ತಿನ್ನುವ ಅಷ್ಟು ಹೊತ್ತೂ ತೊಟ್ಟಿಯ ಕೆಳಗಿನ ಸದ್ದು ನಡೆದೇ ಇತ್ತು.

ತೊಳೆಯದೆ, ಅದೇ ತಟ್ಟೆಯನ್ನು ಸೊಸೆಯ ಮುಂದೆ ತಳ್ಳಿದರು. “ಬಡಿಸು. ನಿನ್ನ ಕೈಯಿಂದ. ನಿನ್ನ ಮಗಳಿಗೆ.”

ಸೊಸೆ ಬಡಿಸಿದಳು. ಅನ್ನ, ಬೇಳೆ, ತನ್ನ ಪಾಲಿನ ಮೊಟ್ಟೆ. ಅವಸರಕ್ಕೆ ಬೇಳೆ ಮೇಜಿಗೆ ಚೆಲ್ಲಿತು. ಅತ್ತೆ ಮೇಲಿನ ತಟ್ಟೆ ಬೋರಲು ಹಾಕಿದರು. ಅಂಚಿಗೆ ಅಂಚು ಕೂತ ಕ್ಷಣ ಕೊಳವೆಯ ಸದ್ದು ನಿಂತಿತು. ಇಬ್ಬರೂ ಅದನ್ನು ಕೇಳಿದರು.

ಬಂಡಿ ಬಂದದ್ದು ಸಂಜೆಗೆ. ಮೊದಲು ಅಪ್ಪ ಒಳಗೆ ಬಂದ, ಮುಖ ಬಿಳಿಚಿಕೊಂಡಿತ್ತು. ಅವನ ಹಿಂದೆ ಕಡ್ಡಿ, ಮೂಗು ಬಾಯಿಯ ಸುತ್ತ ಮಸಿ, ಒಂದು ತೋಳಿಗೆ ಪಟ್ಟಿ. ಸೊಸೆ ಮಗಳನ್ನು ಅಪ್ಪಿಕೊಳ್ಳಲು ಹೋಗಿ, ಅಪ್ಪಿಕೊಳ್ಳದೆ, ಅಂಗಿಯ ಹೊಲಿಗೆ ಬಿಟ್ಟಿದೆಯೇ ಎಂದು ಭುಜ ಮುಟ್ಟಿ ಮುಟ್ಟಿ ನೋಡಿದಳು.

“ಹಸಿವು!” ಎಂದಳು ಮಗಳು. ತಟ್ಟೆ ನೋಡಿ, “ಇದ್ಯಾಕೆ ಈ ತಟ್ಟೇಲಿ?” ಎಂದಳು.

“ತಿನ್ನು,” ಎಂದರು ಅಜ್ಜಿ.

ಡ್ರೈವರ್ ಹಲಗೆಯ ಕಡೆ ನೋಡಿದ. ತಾಯಿಯ ಮುಖ ನೋಡಿದ. ಆಮೇಲೆ ತನ್ನ ತಟ್ಟೆ ಎಳೆದುಕೊಂಡ.

ಮಗಳು ಗಬಗಬ ತಿನ್ನುತ್ತ ಹೇಳಿದಳು. “ಮೇಲಿನ ಅಂತಸ್ತಲ್ಲಿ ಪೈಪ್ ಕೈ ಬಿಟ್ಟುಹೋಯ್ತಮ್ಮ. ಹೊಗೇಲಿ ಪೈಪ್ ಬಿಟ್ರೆ ಮುಗೀತು, ಅದನ್ನ ಹಿಡ್ಕೊಂಡೇ ಹೊರಗೆ ಬರಬೇಕು. ನೆಲಕ್ಕೆ ಬಿದ್ದು ತಡಕಾಡ್ತಿದ್ದೆ, ಯಾರೋ ಕೈಗೆ ಪೈಪ್ ಕೊಟ್ರು. ನಮ್ಮ ಹಿರಿಯರು ಯಾರೋ ಅಂದ್ಕೊಂಡೆ. ‘ಊಟದಿಂದ ಎದ್ದು ಬಂದ್ಯಾ?’ ಅಂದ್ರು. ಹೂಂ ಅಂದೆ. ‘ತಟ್ಟೆ ಮುಚ್ಚಿದಾರಾ?’ ಅಂದ್ರು. ನಾನೇ ಮುಚ್ಚಿ ಬಂದೆ ಅಂದೆ.”

ಸೊಸೆಯ ಕೈ ನೀರಿನ ಲೋಟದ ಮೇಲೆ ನಿಂತುಹೋಯಿತು.

“‘ಇಲ್ವಲ್ಲ’ ಅಂದ್ರು. ಹೊಗೆ ತಲೆಗೇರಿದೆ ಮುದುಕನಿಗೆ ಅಂದ್ಕೊಂಡು ಎಳೆದೆ, ಆ ಕಡೆಯಿಂದ ಪೈಪ್ ಬಿಡ್ಲೇ ಇಲ್ಲ ಅಮ್ಮಾ. ಬಾ ಅಂತಾನೂ ಇಲ್ಲ, ಹೋಗು ಅಂತಾನೂ ಇಲ್ಲ. ನೆಲಕ್ಕೆ ಟಕ್ ಟಕ್ ಅಂತ ತಟ್ತಾ ಕೂತಿದ್ರು. ಎಷ್ಟೋ ಹೊತ್ತು. ನನಗೆ ಉಸಿರೇ ಸಿಗ್ತಿರ್ಲಿಲ್ಲ. ಆಮೇಲೆ ಇದ್ದಕ್ಕಿದ್ದಂಗೆ, ‘ಈಗ ಮುಚ್ಚಿದ್ರು. ಹೋಗು, ತಣ್ಣಗಾಗುತ್ತೆ’ ಅಂದ್ರು. ಪೈಪ್ ಸಡಿಲ ಆಯ್ತು, ಹಿಡ್ಕೊಂಡು ಬಂದ್ಬಿಟ್ಟೆ. ಹೊರಗೆ ಬಂದು ತಲೆ ಎಣಿಸಿದ್ರೆ ನನ್ನ ಜೊತೆ ಮೇಲಕ್ಕೆ ಯಾರೂ ಬಂದೇ ಇರ್ಲಿಲ್ಲ.”

ಸೊಸೆಗೆ ತಾನು ಮಾಡಿದ್ದನ್ನು ಅಲ್ಲೇ ಕೂಗಿ ಹೇಳಿಬಿಡಬೇಕೆನ್ನಿಸಿತು. ಅಷ್ಟರಲ್ಲಿ ಅತ್ತೆ ಮೊಮ್ಮಗಳ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದರು.

“ಹೊಗೆ ಕುಡಿದವರಿಗೆ ಏನೇನೋ ಕೇಳಿಸುತ್ತೆ,” ಎಂದರು. “ಉಪ್ಪು ಸರಿ ಇದೆಯಾ?”

“ಸರಿ ಇದೆ ಅಜ್ಜಿ.”

“ಹಾಗಾದ್ರೆ ಸುಮ್ನೆ ಉಣ್ಣು.”

ಮಗಳು ಉಂಡು ಎದ್ದ ಮೇಲೆ ಅತ್ತೆ ಆ ತಟ್ಟೆಯನ್ನು ತಾವೇ ಎತ್ತಿ ಸೊಸೆಯ ಕೈಗಿಟ್ಟರು. “ಈಗ ತೊಳಿ.” ಸೊಸೆ ತೊಳೆದಳು. ನೀರು ಸದ್ದಿಲ್ಲದೆ ಇಳಿದುಹೋಯಿತು.

ಮನೆ ಬಿಡುವ ದಿನ ಸಾಹೇಬರು ಖುದ್ದಾಗಿ ಬಂದರು. ಅತ್ತೆ ಮೇಲೆ ಮುಚ್ಚುತ್ತಿದ್ದ ತಟ್ಟೆಯನ್ನು ಒರೆಸಿ ಅವರ ಕೈಗೆ ಕೊಟ್ಟರು. “ಇದನ್ನ ಇಟ್ಕೊಳ್ಳಿ. ಇದು ಬರೀ ಮುಚ್ಚಳ. ಇನ್ನೊಂದು ನಮ್ಮ ಹುಡುಗಿ ಉಣ್ಣೋ ತಟ್ಟೆ.” ಸಾಹೇಬರು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದರು. ಗಾಜಿನ ಪೆಟ್ಟಿಗೆಯಲ್ಲಿ ಅದರ ಮೇಲೆ ಲೈಟ್ ಕೂಡ ಹಾಕಿದ್ದಾರೆ. ಗಂಟೆ ತಾತ ಹೋಗಿ ನೋಡಿ, ಮೂಗು ಮುರಿದು ಬಂದ.

ಹೊಸ ಕ್ವಾರ್ಟರ್ಸಿನ ಗೋಡೆಯಲ್ಲಿ ಕಬ್ಬಿಣದ ಬಳೆ ಇಲ್ಲ. ಸೌಟು ಸಿಕ್ಕಿಸಲು ಡ್ರೈವರ್ ಒಂದು ಮೊಳೆ ಹೊಡೆದುಕೊಟ್ಟ. ಅತ್ತೆ ಮೊದಲ ಬಾರಿಗೆ ತಂಗಿಯ ಊರಿಗೆ ಹೋಗಿ ನಾಲ್ಕು ದಿನ ಇದ್ದು ಬಂದರು. ತಂಗಿಯ ಮನೆಯ ಹಾಸಿಗೆ ಸರಿಯಿಲ್ಲ, ಕಾಫಿ ನೀರು ನೀರು ಎಂದು ವಾರವಿಡೀ ಹೇಳಿಕೊಂಡು ತಿರುಗಿದರು.

ಆ ವಾರದಲ್ಲೇ ಒಂದು ಮಧ್ಯಾಹ್ನ ಅಪ್ಪ ಮಗಳು ಊಟಕ್ಕೆ ಕೂತಾಗ ಹೊಸ ಸೈರನ್ ಕೂಗಿತು. ಇಬ್ಬರೂ ಓಡಿದರು. ಸೊಸೆ ಗಂಡನ ತಟ್ಟೆ ಮುಚ್ಚಿದಳು, ಮಗಳ ನೀಲಿ ಅಂಚಿನ ತಟ್ಟೆಯನ್ನೂ ಮುಚ್ಚಿದಳು. ಮುಚ್ಚಿ, ಅದರ ಮೇಲೆ ಅಂಗೈ ಇಟ್ಟಳು.

“ಅತ್ತೆ,” ಎಂದಳು ಸ್ವಲ್ಪ ಹೊತ್ತಾದ ಮೇಲೆ, “ಏನೂ ಗೊತ್ತಾಗ್ತಿಲ್ಲ.”

“ಯಾರಿಗೂ ಗೊತ್ತಾಗಲ್ಲ ಕಣೇ. ಕೂತ್ಕೋ.”

ಅತ್ತೆ ಎದುರಿನ ಕುರ್ಚಿಯಲ್ಲಿ ಕೂತರು. ಅನ್ನದ ಬಿಸಿ ಇರುವ ತನಕ ತಟ್ಟೆ ಬೆಚ್ಚಗಿತ್ತು. ಆಮೇಲೆ ಎಲ್ಲರ ಮನೆಯ ತಟ್ಟೆಗಳ ಹಾಗೆ ತಣ್ಣಗಾಯಿತು. ಸೊಸೆ ಕೈ ತೆಗೆಯಲಿಲ್ಲ.